ಹಯಾತಿ ದಾಖಲೆ

ಬೆಳಿಗ್ಗೆ ಏಳೂವರೆಗೆ ಕೇದಾರ ಬಾಗಿಲ ಹತ್ತಿರ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಗ ಅವ್ವ ಅಡಿಗೆಮನೆಯಿಂದ ಹೊರಗೆ ಬಂದು, "ಇವತ್ತೊಂದಿನ ಅಪ್ಪನ ಜೋಡಿ ಹೋಗಿ ಬರ್ತಿ ಏನಪಾ?" ಎಂದು ಕೇಳಿದಳು. ಕೇಳಿದ ರೀತಿಯೇ ಅವನಿಗೆ ಚುಚ್ಚಿತು. ಮೂವತ್ತೊಂದು ವರ್ಷದ, ನೌಕರಿಯಿಲ್ಲದ ಮಗನಿಗೆ ತಂದೆಯ ಜೊತೆ ಒಂದು ಮುಂಜಾನೆ ಹೋಗಿ ಬಾ ಎನ್ನಲು ಅವಳು ಪರರ ಮನೆಯವರಲ್ಲಿ ಏನೋ ಬೇಡುವವಳ ಹಾಗೆ ದನಿ ತಗ್ಗಿಸಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಓದೂದು ತಪ್ಪತದ, ಗೊತ್ತದ. ಒಂದ ತಾಸಿನ ಕೆಲಸ. ಹಯಾತಿ ದಾಖಲೆ ಕೊಡಬೇಕಲ್ಲ. ಈ ಸಲ ಅವರೊಬ್ಬರನ್ನ ಕಳಸೂದು ನನಗ್ಯಾಕೋ ಬ್ಯಾಡ ಅನಸ್ತದ" ಎಂದಳು. ಓದುವುದು ತಪ್ಪುತ್ತದೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕೇದಾರನ ಬೆರಳು ದಾರದ ಗಂಟಿನಲ್ಲಿ ನಿಂತಿತು. ಅವನು ಓದದೆ ಮೂರು ವಾರವಾಗಿತ್ತು. ಅದು ಅವನೊಬ್ಬನಿಗೆ ಗೊತ್ತಿತ್ತು.

ಹಯಾತಿ ದಾಖಲೆಯೆಂದರೆ ಪಿಂಚಣಿ ತಿನ್ನುವ ಮನುಷ್ಯ ಇನ್ನೂ ಬದುಕಿದ್ದಾನೆ ಎಂಬ ಸರ್ಟಿಫಿಕೇಟು. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಒಬ್ಬನೇ ಹೋಗಿ ಅದನ್ನು ಕೊಟ್ಟು ಬರುತ್ತಿದ್ದ. ಬಂದವನೇ ಚಪ್ಪಲಿ ಬಿಡುತ್ತ, "ರಾಧಾ, ಸರಕಾರದವರು ಒಪ್ಪಿದ್ರು ನೋಡು, ನಾ ಇನ್ನೂ ಇದ್ದೀನಂತ" ಎಂದು ಪ್ರತಿ ಸಲವೂ ಹೊಸದೆಂಬಂತೆ ಅದೇ ಚೇಷ್ಟೆ ಮಾಡುತ್ತಿದ್ದ. ಒಳಗಿನ ಕೋಣೆಯಲ್ಲಿ ಪುಸ್ತಕದ ಮುಂದೆ ಕೂತ ಕೇದಾರನಿಗೆ ಅದು ಕೇಳಿಸುತ್ತಿತ್ತು. ಅಪ್ಪ ಇದ್ದಾನೆಂದು ಸರಕಾರ ಒಪ್ಪಿದ್ದರಿಂದಲೇ ತನ್ನ ಲೋಕಲ್ ಟ್ರೇನಿನ ಪಾಸು, ಅಭ್ಯಾಸಿಕೆ ಎಂಬ ಬಾಡಿಗೆಯ ಓದುಕೋಣೆಯ ಫೀಸು, ಮಧ್ಯಾಹ್ನದ ಚಹ, ಎಲ್ಲವೂ ನಡೆದಿದೆ ಎಂಬುದು ಆಗ ಅವನಿಗೆ ಹೊಳೆಯುತ್ತಿರಲಿಲ್ಲ. ಹೊಳೆದರೂ ಪುಟ ತಿರುವುತ್ತಿದ್ದ. ಅಪ್ಪ ಅವನಿಗೆ ಯಾವತ್ತೂ ಕೈಯಿಂದ ಕೈಗೆ ದುಡ್ಡು ಕೊಟ್ಟವನಲ್ಲ. ತಿಂಗಳ ಮೊದಲ ದಿನ, ಕೇದಾರ ಸ್ನಾನಕ್ಕೆ ಹೋದಾಗ, ಅವನ ಚೀಲದ ಪಕ್ಕದ ಕಿಸೆಯಲ್ಲಿ ನೋಟುಗಳನ್ನು ಮಡಚಿ ಇಟ್ಟಿರುತ್ತಿದ್ದ. ಮೊದಲ ವರ್ಷ ಇದು ಎಂಥ ನಾಜೂಕಿನ ಮನುಷ್ಯನ ರೀತಿ ಎಂದು ಕೇದಾರನಿಗೆ ಹೆಮ್ಮೆಯಾಗಿತ್ತು. ನಾಲ್ಕನೆಯ ವರ್ಷದ ಹೊತ್ತಿಗೆ ಆ ಕಿಸೆಯ ಜಿಪ್ಪು ಎಳೆಯುವಾಗ ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಳ್ಳತೊಡಗಿದ್ದ. ಈಗ ಏಳನೆಯ ವರ್ಷ.

ಚಾಕಣದ ಕಂಪನಿಯೊಂದರಲ್ಲಿ ಒಂದು ವರ್ಷ ಇಂಜಿನಿಯರನಾಗಿ ದುಡಿದು, ರಾಜ್ಯಸೇವಾ ಪರೀಕ್ಷೆ ಬರೆಯುತ್ತೇನೆಂದು ಬಿಟ್ಟು ಬಂದಾಗ ಎರಡು ವರ್ಷ ಸಾಕು ಎಂದಿದ್ದ. ಒಮ್ಮೆ ಎರಡನೆಯ ಸುತ್ತಿನವರೆಗೂ ಹೋದ. ಒಮ್ಮೆ ಸಂದರ್ಶನಕ್ಕೆ ಮೂರು ಅಂಕ ಕಡಿಮೆಯಾಯಿತು. ಆ ಮೂರು ಅಂಕವೇ ಅವನನ್ನು ಕೆಡಿಸಿತೇನೋ. ಅಷ್ಟು ಹತ್ತಿರ ಹೋಗಿರದಿದ್ದರೆ ಅಂದೇ ಎದ್ದು ಬರುತ್ತಿದ್ದ. ಸದಾಶಿವ ಪೇಠೆಯ ಆ ಮೂರನೆಯ ಮಹಡಿಯ ಅಭ್ಯಾಸಿಕೆಯಲ್ಲಿ, ಪ್ಲೈವುಡ್ಡಿನ ಅಡ್ಡಗೋಡೆಗಳ ನಡುವೆ ಕೋಳಿಗೂಡಿನಂತೆ ಜೋಡಿಸಿದ ಅರವತ್ತು ಕುರ್ಚಿಗಳಲ್ಲಿ, ಕಿಟಕಿಯ ಬದಿಯ ಕುರ್ಚಿ ಅವನದೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಅವನ ಪಕ್ಕದಲ್ಲಿ ಕೂರುತ್ತಿದ್ದ ಸಾಯಲಿ ನಾಯಬ್ ತಹಸೀಲದಾರಳಾಗಿ ಬಾರಾಮತಿಯ ಕಡೆ ಹೋದಳು; ಹೋಗುವ ದಿನ ಎಲ್ಲರಿಗೂ ಪೇಡೆ ಹಂಚಿ, ಅವನ ಕೈಯಲ್ಲಿ ಮಾತ್ರ ಎರಡು ಇಟ್ಟಿದ್ದಳು. ಆ ಎರಡನೆಯ ಪೇಡೆಯನ್ನು ಅವನು ಮೆಟ್ಟಿಲ ಮೇಲೆ ನಿಂತು ನುಂಗಿದ್ದ, ಬಾಯಿ ಒಣಗಿತ್ತು. ಕಳೆದ ತಿಂಗಳು ಲಾತೂರಿನಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಅವನ ಮುಂದೆ ನಿಂತು, ಫೀಸು ಯಾರ ಕೈಯಲ್ಲಿ ಕೊಡಬೇಕು ಸರ್, ನಿಮ್ಮ ಕೈಯಲ್ಲೇ ಕೊಡಲೇ ಎಂದು ಮರಾಠಿಯಲ್ಲಿ ಕೇಳಿದಳು. ಅವನನ್ನು ಅಲ್ಲಿಯ ಮಾಲೀಕನೆಂದು ತಿಳಿದಿದ್ದಳು. ಅವನು ನಕ್ಕು, ಕೆಳಗಿನ ಮಹಡಿಯ ಆಫೀಸು ತೋರಿಸಿದ. ಆ ನಗು ಸಂಜೆಯವರೆಗೂ ಮುಖದ ಮೇಲೆ ಒಣಗಿದ ಸಾಬೂನಿನಂತೆ ಬಿಗಿದುಕೊಂಡೇ ಇತ್ತು.

ಈ ವರ್ಷದ ಅರ್ಜಿಗೆ ಕೊನೆಯ ದಿನವೆಂದಿದ್ದ ಮಧ್ಯಾಹ್ನ ನಾಲ್ಕು ಗಂಟೆಗೆ ಅವನು ಲ್ಯಾಪ್‌ಟಾಪು ತೆರೆದು ಅರ್ಜಿ ತುಂಬಲು ಕೂತ. ಹೆಸರು ಬರೆದ, ತಂದೆಯ ಹೆಸರು ಬರೆದ, ನಿಗಡಿಯ ಮನೆಯ ವಿಳಾಸ ಬರೆದ. ಸದ್ಯದ ಉದ್ಯೋಗ ಎಂಬ ಖಾನೆ ಬಂತು. ಪ್ರತಿ ವರ್ಷ ಅಲ್ಲಿ 'ಇಲ್ಲ' ಎಂಬುದನ್ನು ಆರಿಸಿ ಮುಂದೆ ಹೋಗುತ್ತಿದ್ದವನು ಅಂದು ಆ ಎರಡು ಅಕ್ಷರ ನೋಡುತ್ತ ಕೂತುಬಿಟ್ಟ. ಆಮೇಲೆ ಲ್ಯಾಪ್‌ಟಾಪು ಮುಚ್ಚಿ ಚಹಕ್ಕೆ ಇಳಿದು ಹೋದ. ಅದೊಂದು ನಿರ್ಧಾರವೂ ಆಗಿರಲಿಲ್ಲ. ನಿರ್ಧಾರವಾಗಿದ್ದರೆ ಮನೆಗೆ ಬಂದು ಹೇಳಬಹುದಿತ್ತು. ಸ್ಟಾಪಿನಲ್ಲಿ ನಿಂತಿದ್ದಾಗಲೇ ಬಸ್ಸು ಬಂದು, ಬಾಗಿಲು ತೆರೆದು, ಮುಚ್ಚಿ, ಹೋದಂತೆ ಆ ದಿನ ಹೋಯಿತು. ಮರುದಿನ ಬೆಳಿಗ್ಗೆ ಅವ್ವ ಡಬ್ಬಿ ಕಟ್ಟಿಟ್ಟಿದ್ದಳು. ಅವನು ಡಬ್ಬಿ ತೆಗೆದುಕೊಂಡು ಆಕುರ್ಡಿಯಲ್ಲಿ ಟ್ರೇನು ಹತ್ತಿದ. ಆಮೇಲೆ ದಿನವೂ.

"ಹೋಗಿ ಬರ್ತೀನಿ ಬಿಡವ್ವಾ, ಅದಕ್ಕೇನು" ಎಂದ. ಅವಳ ಮುಖದಲ್ಲಿ ಮೂಡಿದ ಕೃತಜ್ಞತೆಯನ್ನು ನೋಡಲಾರದೆ ಬೂಟಿನ ಕಡೆ ಬಗ್ಗಿದ.

ಅಪ್ಪ ಹೊರಗೆ ಬಂದ. ತೆಳ್ಳಗಿನ, ಎತ್ತರದ ಮನುಷ್ಯ. ಚಿಂಚವಾಡದ ಮೋಟಾರು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಟೂಲ್‌ರೂಮಿನಲ್ಲಿ ಫಿಟ್ಟರನಾಗಿ ದುಡಿದವನು. ಧಾರವಾಡ ಬಿಟ್ಟು ಬಂದು ಅಷ್ಟು ವರ್ಷವಾದರೂ ಅವನ ಮರಾಠಿಯಲ್ಲಿ ಕನ್ನಡದ ಎಳೆತವಿತ್ತು. ಮೆಟ್ಟಿಲಿಳಿಯುವಾಗ ಅಪ್ಪನ ಬೆರಳುಗಳು ತನ್ನ ಮೊಣಕೈ ಮೇಲೆ ಬಂದು ಕೂತದ್ದು ಕೇದಾರನಿಗೆ ತಿಳಿಯಿತು. ಹಗುರವಾಗಿ, ಹಿಡಿದೂ ಹಿಡಿಯದಂತೆ. ಇದ್ದಕ್ಕಿದ್ದಂತೆ ಬಂದ ಈ ಪ್ರೀತಿಗೆ ನಾಚಿಕೆಯಾಗಿ ಅವನು ಕೈಯನ್ನು ಗಟ್ಟಿಯಾಗಿ, ಅಲುಗಿಸದೆ ಇಟ್ಟುಕೊಂಡು ನಡೆದ. ಪ್ರಾಧಿಕರಣ ಬಡಾವಣೆಯ ಅಗಲ ರಸ್ತೆಯಲ್ಲಿ ಶಾಲೆಯ ಬಸ್ಸುಗಳು ಹೋಗುತ್ತಿದ್ದವು. ಎದುರಿಗೆ ಬಂದ ನೆರೆಮನೆಯ ಗೌರಾಬಾಯಿ ಕೈಯೆತ್ತಿ ನಕ್ಕರೂ ಅಪ್ಪ ಸುಮ್ಮನೆ ಮುಂದೆ ಹೋದ. ಅಪ್ಪನಿಗೆ ಏನೋ ಬೇಸರವಿರಬೇಕು ಎಂದುಕೊಂಡ ಕೇದಾರನಿಗೆ, ತನ್ನ ವಿಷಯವೇ ಗೊತ್ತಾಗಿರಬಹುದೇ ಎಂಬ ಭಯ ಹುಟ್ಟಿತು. ಯಾರಾದರೂ ಹೇಳಿರಬಹುದೆ? ಯಾರು ಹೇಳುತ್ತಾರೆ, ಯಾರಿಗೂ ಗೊತ್ತೇ ಇಲ್ಲವಲ್ಲ.

ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಕಾರ್ಖಾನೆಯವರು ಒಂದು ದಿನ ನೌಕರರ ಹೆಂಡಿರು ಮಕ್ಕಳನ್ನು ಒಳಗೆ ಕರೆದು ತೋರಿಸಿದ್ದರು. ಎಣ್ಣೆಯ, ಬಿಸಿ ಕಬ್ಬಿಣದ ವಾಸನೆ. ಅಪ್ಪ ಒಂದು ಉಕ್ಕಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಅಂಚಿಗೆ ಪಟ್ಟಿಯಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, "ಇಲ್ಲಿ ಕೂದಲೆಳಿಯಷ್ಟು ತೆಗೀಬೇಕು" ಎಂದಿದ್ದ. ಪಕ್ಕದವನು ಯಂತ್ರದಿಂದ ಅಳೆದು ನೋಡಿದರೆ ಅಷ್ಟೇ ಬಂದಿತ್ತು. ಸಾಹೇಬರು ಅವ್ವನಿಗೆ, ಬಾಯಿಯವರೇ, ನಿಮ್ಮ ಯಜಮಾನರ ಕಣ್ಣೇ ನಮ್ಮ ಯಂತ್ರ ಎಂದಿದ್ದರು. ಅವ್ವ ಆ ಮಾತನ್ನು ಎಷ್ಟು ವರ್ಷ ಹೇಳಿಕೊಂಡಳು. ನಿವೃತ್ತನಾದ ಮೇಲೂ ಅಪ್ಪ ಭೋಸರಿಯ ಸಣ್ಣ ವರ್ಕ್‌ಶಾಪೊಂದಕ್ಕೆ ದಿನಕ್ಕೆ ಅರ್ಧ ಹೊತ್ತು ಹೋಗುತ್ತಿದ್ದ. ಹೋದ ಬೇಸಗೆಯಲ್ಲಿ ಒಂದು ದಿನ, "ಸಾಕಾತು, ಇನ್ನ ಮನ್ಯಾಗ ಕೂಡ್ತೀನಿ" ಎಂದು ಬಿಟ್ಟುಬಿಟ್ಟ. ಕೇದಾರ ಆಗ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಸಂವಿಧಾನದ ಪಾಠ ಕೇಳುತ್ತಿದ್ದ. ಇಯರ್‌ಫೋನು ತೆಗೆದು, ಯಾಕೆ ಎಂದು ಕೇಳಿದ್ದನೆ? ಕೇಳಿದ ನೆನಪಿಲ್ಲ.

ಸೇವಾ ಕೇಂದ್ರವೆಂಬುದು ಒಂದು ಸಾಲುಮಳಿಗೆಯೊಳಗಿನ ಪುಟ್ಟ ಅಂಗಡಿ. ಮೇಜಿನ ಆಚೆ ಹರ್ಷದಾ ಎಂಬ ತರುಣಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಗೋಡೆಗುಂಟ ಬೆಂಚಿನ ಮೇಲೆ ಏಳೆಂಟು ಮುದುಕರು ತಮ್ಮ ತಮ್ಮ ಕಾಗದದ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದಿದ್ದರು. ಅಪ್ಪನ ಸರದಿ ಬಂದಾಗ ಹರ್ಷದಾ ಬೆರಳಚ್ಚಿನ ಪುಟ್ಟ ಯಂತ್ರವನ್ನು ಮುಂದೆ ತಳ್ಳಿದಳು. ಅಪ್ಪ ಹೆಬ್ಬೆರಳು ಒತ್ತಿದ. ಯಂತ್ರ ಕೆಂಪಗಾಯಿತು. ಇನ್ನೊಂದು ಬೆರಳು ಕೊಡಿ ಕಾಕಾ ಎಂದಳು. ಅದಕ್ಕೂ ಕೆಂಪು. ಹತ್ತೂ ಬೆರಳು ಮುಗಿದವು. ಅವಳು ಒದ್ದೆ ಬಟ್ಟೆಯಿಂದ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಒರೆಸಿ ಮತ್ತೆ ಒತ್ತಿಸಿದಳು. ಮೂವತ್ತನಾಲ್ಕು ವರ್ಷ ಅರದಿಂದ ಉಜ್ಜಿದ ಕೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅಪ್ಪ ನಗುತ್ತ, ತನ್ನ ಎಳೆತದ ಮರಾಠಿಯಲ್ಲಿ, "ಅವನ್ನೆಲ್ಲ ಕಾರ್ಖಾನೆಯಲ್ಲೇ ಬಿಟ್ಟು ಬಂದಿದ್ದೇನೆ ತಂಗಿ" ಎಂದ. ಬೆಂಚಿನ ಮೇಲಿನ ಒಂದಿಬ್ಬರು ನಕ್ಕರು. ಹೋದ ವರ್ಷ ಹೇಗೆ ಮಾಡಿದಿರಿ ಎಂದು ಅವಳು ಕೇಳಿದಳು. ಕಣ್ಣಿನಿಂದ ಎಂದ ಅಪ್ಪ.

ಅವಳು ದುರ್ಬೀನಿನಂಥ ಇನ್ನೊಂದು ಯಂತ್ರವನ್ನು ಅಪ್ಪನ ಕಣ್ಣಿಗೆ ಹಿಡಿದಳು. ಒಂದು ನಿಮಿಷ. ಎರಡು ನಿಮಿಷ. ದೊಡ್ಡದಾಗಿ ಕಣ್ಣು ಬಿಡಿ ಎಂದಳು. ಅಪ್ಪ ಹುಬ್ಬು ಹಣೆಗೇರಿಸಿ ಬಿಟ್ಟ. ಯಂತ್ರ ಒಪ್ಪಲಿಲ್ಲ. ಹರ್ಷದಾ ಅದನ್ನು ಪಕ್ಕಕ್ಕಿಟ್ಟು, ಬಗ್ಗಿ, ಅಪ್ಪನ ಕಣ್ಣನ್ನು ತಾನೇ ನೋಡಿದಳು. "ಕಾಕಾ, ಮೋತಿಬಿಂದೂ ಆಹೇ ಕಾ?" ಎಂದು ಕೇಳಿದಳು. ಕಣ್ಣಿಗೆ ಪೊರೆ ಬಂದಿದೆಯೆ?

ಅಪ್ಪ ಉತ್ತರ ಹೇಳುವ ಮೊದಲು ಕೇದಾರ ನಿಂತಿದ್ದಾನೆಂದು ತಾನು ತಿಳಿದ ದಿಕ್ಕಿಗೆ ಮುಖ ತಿರುಗಿಸಿದ. ಕೇದಾರ ಆ ದಿಕ್ಕಿನಲ್ಲಿ ಇರಲಿಲ್ಲ. ಒಂದು ಹೆಜ್ಜೆ ಎಡಕ್ಕೆ, ಬಾಗಿಲ ಕಡೆ ನಿಂತಿದ್ದ. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರಿಗೆ ಅಪರಾಧಿಯಂತೆ ನಕ್ಕು, "ಥೋಡಾ" ಎಂದ. ಸ್ವಲ್ಪ.

ಕೇದಾರನ ಕಿವಿ ಬಿಸಿಯಾಯಿತು. ಒಂದೊಂದಾಗಿ ನೆನಪಿಗೆ ಬಂದವು: ಅಪ್ಪ ಪೇಪರನ್ನು ಮಡಚಿಟ್ಟು ಅವ್ವನಿಗೆ ಓದಲು ಹೇಳುತ್ತಿದ್ದದ್ದು, ಚಹದ ಕಪ್ಪು ಹಿಡಿಯುವ ಮೊದಲು ಬೆರಳಿನಿಂದ ಬಶಿಯ ಅಂಚನ್ನು ಹುಡುಕುತ್ತಿದ್ದದ್ದು, ಟಿವಿಯ ಮುಂದೆ ಮೂರಡಿ ದೂರದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದದ್ದು. ಅವೆಲ್ಲ ಅವನಿಗೆ ಕಂಡಿದ್ದವು. ಕಂಡದ್ದನ್ನೆಲ್ಲ ಅವನು ವಯಸ್ಸಾಯಿತು ಎಂಬ ಒಂದೇ ಮಾತಿನೊಳಗೆ ತುರುಕಿ ಮುಚ್ಚಿಟ್ಟಿದ್ದ. ಏಳು ವರ್ಷದಲ್ಲಿ ನದಿಗಳ ಉದ್ದ, ಕಾಯಿದೆಗಳ ಇಸವಿ, ವಿಟಮಿನ್ನುಗಳ ಕೊರತೆಯಿಂದ ಕಣ್ಣಿಗಾಗುವ ರೋಗಗಳು, ಎಲ್ಲವನ್ನೂ ಬಾಯಿಪಾಠ ಮಾಡಿದ್ದ.

ಹರ್ಷದಾ ಈಗ ಅವನನ್ನೇ ನೋಡುತ್ತಿದ್ದಳು. ನೀವು ಇವರ ಮಗನೆ, ಇವರ ಜೊತೆಗೇ ಇರುತ್ತೀರೆ, ಇಷ್ಟಾದರೂ ಆಪರೇಶನ್ ಯಾಕೆ ಮಾಡಿಸಿಲ್ಲ ಎಂದು ಕೇಳಿದಳು. ಆಕ್ಷೇಪಣೆಯ ದನಿಯಲ್ಲಲ್ಲ, ದಿನಕ್ಕೆ ನೂರು ಮುದುಕರನ್ನು ನೋಡುವವಳ ಸಹಜ ದನಿಯಲ್ಲಿ. ಅವನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮುಂದಾಗಿ, "ಅವನು ಓದುತ್ತಿದ್ದಾನೆ. ದೊಡ್ಡ ಪರೀಕ್ಷೆ. ಅವನಿಗೆ ಪುರಸತ್ತಿಲ್ಲ" ಎಂದ. ಬೆಂಚಿನ ಮೇಲಿನ ಮುದುಕರೆಲ್ಲ ಕೇದಾರನನ್ನು ತಲೆಯಿಂದ ಬೂಟಿನವರೆಗೆ ನೋಡಿದರು. ಅವರ ಕಣ್ಣುಗಳಲ್ಲಿ ತಾತ್ಸಾರವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಒಬ್ಬ ಮುದುಕ ಗೌರವದಿಂದ ತಲೆಯಾಡಿಸಿದ.

ಕೊನೆಗೆ ಹರ್ಷದಾ ಮೊಬೈಲು ತೆಗೆದು, ಮುಖದಿಂದಲೇ ಆಗುತ್ತದೋ ನೋಡೋಣ ಎಂದಳು. ಪರದೆಯ ಮೇಲಿನ ವೃತ್ತದೊಳಗೆ ಮುಖ ಬರಬೇಕು, ಬಂದ ಮೇಲೆ ಕಣ್ಣು ಮಿಟುಕಿಸಬೇಕು. ಅಪ್ಪನಿಗೆ ವೃತ್ತ ಕಾಣುತ್ತಿರಲಿಲ್ಲ; ಮುಖ ಒಮ್ಮೆ ಎಡಕ್ಕೆ, ಒಮ್ಮೆ ಕೆಳಕ್ಕೆ ಜಾರುತ್ತಿತ್ತು. "ನೀವು ಹಿಡಿದುಕೊಳ್ಳಿ" ಎಂದಳು ಕೇದಾರನಿಗೆ. ಅವನು ಅಪ್ಪನ ಹಿಂದೆ ನಿಂತು ಎರಡೂ ಕೈಯಿಂದ ಅಪ್ಪನ ಗಲ್ಲ ಹಿಡಿದ. ಬೆಳೆದ ಮೇಲೆ ಅಪ್ಪನ ಮುಖವನ್ನು ಅವನು ಮುಟ್ಟಿರಲೇ ಇಲ್ಲ. ಬೆಳಿಗ್ಗೆ ಹೆರೆದುಕೊಂಡ ಗಡ್ಡದಲ್ಲಿ ಅಲ್ಲಲ್ಲಿ ಕೂದಲು ಬಿಟ್ಟುಹೋಗಿ ಅಂಗೈಗೆ ಚುಚ್ಚುತ್ತಿತ್ತು. ಬೆಳಕಿಗೆ ಹಿಡಿದು ಕೂದಲೆಳೆಯಷ್ಟನ್ನು ಗುರುತಿಸುತ್ತಿದ್ದ ಮನುಷ್ಯ ತನ್ನ ಗದ್ದವನ್ನೇ ನೋಡದೆ ಹೆರೆದುಕೊಂಡಿದ್ದ. "ಅಪ್ಪಾ, ಕಣ್ಣ ಮುಚ್ಚಿ ತೆಗೀರಿ" ಎಂದ ಕೇದಾರ. ಅಪ್ಪ ಮಿಟುಕಿಸಿದ. "ಮತ್ತೊಮ್ಮೆ." ಮಿಟುಕಿಸಿದ. ಮೊಬೈಲು ಟಿಣ್ ಎಂದಿತು. ಆಯಿತು ಎಂದಳು ಹರ್ಷದಾ. ಬೀದಿಗೆ ಬಂದ ಮೇಲೂ ಅಪ್ಪ ತನ್ನ ವಾರ್ಷಿಕ ಚೇಷ್ಟೆ ಮಾಡಲಿಲ್ಲ.

ಮೂಲೆಯಲ್ಲಿ ಉಡುಪಿಯ ಕಡೆಯವರ ಹೊಟೇಲಿತ್ತು. ಒಂದು ಕಪ್ಪು ಕಾಫಿ ಕುಡಿದು ಹೋಗೋಣ ಎಂದು ಕೇದಾರನೇ ಕರೆದ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಉಮಾವತಿಯವರು ಇಪ್ಪತ್ತು ವರ್ಷದ ಪರಿಚಯದವರು. "ಓ, ಶ್ಯಾಮರಾಯರು! ಮಗನಿಗೆ ಇವತ್ತು ರಜೆಯಾ?" ಎಂದರು. "ನನ್ನ ಸಲುವಾಗಿ ರಜಾ ಹಾಕ್ಯಾನ್ರಿ" ಎಂದ ಅಪ್ಪ. ಎಂಥ ಹೆಮ್ಮೆ ಆ ದನಿಯಲ್ಲಿ. ನೌಕರಿಯಿದ್ದವರು ಹಾಕುವ ರಜೆ, ಅದನ್ನು ಮಗನಿಗೂ ಒಂದು ಕೊಡಿಸಿಬಿಟ್ಟಿದ್ದ. ಅವರು ಒಳಗಿನ ಮೇಜಿನಲ್ಲಿ ಕೂತರು. ಅಪ್ಪ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ.

"ಯಾವಾಗಿಂದ್ರಿ ಅಪ್ಪಾ?"

"ಏನು?"

"ಕಣ್ಣು."

"ಏಪ್ರಿಲದಾಗ ತೋರಿಸಿದ್ದೆ. ಎರಡೂ ಕಣ್ಣಿಗೆ ಬಂದದ ಅಂದ್ರು. ಅದೇನ್ ದೊಡ್ಡದಲ್ಲ. ಅರ್ಧಾ ತಾಸಿನ ಆಪರೇಶನ್ ಅಂತ."

"ಮತ್ತ ಮಾಡಿಸ್ಕೋಬಾರದೇನ್ರಿ? ರೊಕ್ಕ..." ಎಂದು ಕೇದಾರ ಮಾತು ನಿಲ್ಲಿಸಿದ. ಆ ಶಬ್ದ ಅವನ ಬಾಯಿಂದ ಈ ಮನುಷ್ಯನೆದುರು ಹೊರಟದ್ದು ಎಷ್ಟೋ ವರ್ಷಗಳ ಮೇಲೆ. ಚೀಲದ ಪಕ್ಕದ ಕಿಸೆಯೊಳಗಿನ ಆ ಮಡಿಕೆಗಳೆಲ್ಲ ಅಪ್ಪನ ಕಣ್ಣಿನ ಮೇಲೆ ಬಂದು ಕೂತ ಪೊರೆಯೇ ಎನ್ನಿಸಿತು.

ಅಪ್ಪ ತಲೆ ಅಲ್ಲಾಡಿಸಿದ. "ಛೆ, ರೊಕ್ಕದ್ದಲ್ಲಪಾ. ಅದಕ್ಕ ಕಂಪನಿಯವರ ಇನ್ಶೂರನ್ಸ್ ಅದ, ಎಲ್ಲಾ ಅದ. ಆದ್ರ ಆಪರೇಶನ್ ಆದ ಮ್ಯಾಲ ತಿಂಗಳಾನುಗಟ್ಟಲೆ ದಿನಕ್ಕ ಆರ ಸಲ ಔಷಧ ಹಾಕಬೇಕಂತ. ಒಂದು ಕಣ್ಣಾದ ಮ್ಯಾಲ ಇನ್ನೊಂದು. ದವಾಖಾನಿಗೆ ಕರಕೊಂಡು ಹೋಗೂದು, ಬರೂದು. ನಿಮ್ಮವ್ವಗ ಕಣ್ಣ ಮುಟ್ಟೂದಂದ್ರ ಅಂಜಿಕಿ, ಕೈ ನಡಗ್ತದ. ಮತ್ಯಾರು ಮಾಡವ್ರು? ನೀನಽ ಮಾಡಬೇಕು. ನಿನ್ನ ಎರಡು ತಿಂಗಳು ಹೋಗ್ತಾವ." ಕಾಫಿ ಬಂತು. ಅಪ್ಪ ಬೆರಳಿನಿಂದ ಲೋಟ ಹುಡುಕಿ ಹಿಡಿದ. "ಹೋದ ಸಲ ಮೂರ ಮಾರ್ಕ್ಸಿಗೆ ಹೋತು. ಮೂರ ಮಾರ್ಕ್ಸ್ ಅಂದ್ರ ಎಷ್ಟ ದಿನದ ಓದು? ನಾಲ್ಕ ದಿನ? ಐದ ದಿನ? ನಾ ಅದನ್ನಽ ವಿಚಾರ ಮಾಡಿದೆ. ಫೆಬ್ರುವರಿಗೆ ನಿನ್ನ ಪರೀಕ್ಷಾ ಮುಗೀತದ, ಮಾರ್ಚದಾಗ ಮಾಡಿಸ್ಕೊಂಡ್ರ ಆತು. ನಿನಗ ಹೇಳಬ್ಯಾಡ ಅಂತ ಅವ್ವಗ ನಾನಽ ಆಣಿ ಹಾಕಿಸೀನಿ."

ಕೇದಾರ ಲೋಟದೊಳಗೆ ನೋಡುತ್ತಿದ್ದ. ಅಪ್ಪ ಮೋಡದೊಳಗೆ ಕೂತು ಅವನಿಗಾಗಿ ಉಳಿಸಿಟ್ಟ ಆ ದಿನಗಳನ್ನು ಅವನು ಹೇಗೆ ಕಳೆದಿದ್ದ? ಅಲಕಾ ಚೌಕದ ಚಹದ ಗಾಡಿಯ ಮುಂದೆ, ಹಳೆಯ ಪೇಪರುಗಳ ಅಂಗಡಿಗಳ ಮುಂದೆ, ಮುಠಾ ನದಿಯ ಸೇತುವೆಯ ಮೇಲೆ ಕೈಯೂರಿ ನಿಂತು, ಕೂತ ಕುರ್ಚಿಯಲ್ಲೇ ಮೊಬೈಲಿನಲ್ಲಿ ಯಾರೋ ಅಡಿಗೆ ಮಾಡುವುದನ್ನು ನೋಡುತ್ತ. ದುಡ್ಡಿನ ಋಣವೆಂದಾದರೆ ಎಂದಾದರೂ ದುಡಿದು ಹಿಂದಿರುಗಿಸುತ್ತೇನೆಂದು ತನಗೆ ತಾನು ಹೇಳಿಕೊಂಡಿದ್ದ. ಆ ಮಾತಿನ ನೆರಳಲ್ಲೇ ಇಷ್ಟು ದಿನ ತಲೆ ಎತ್ತಿ ನಡೆದಿದ್ದ. ಇದಕ್ಕೆ ಏನು ಹೇಳಿಕೊಳ್ಳಬೇಕು? ಹೊಟೇಲಿನ ಒಳಗಿಂದ ದೋಸೆಯ ಹಂಚಿಗೆ ನೀರು ಹೊಡೆದ ಸದ್ದು ಬಂತು. ಈಗ ಸುಮ್ಮನಿದ್ದರೆ ಮಾರ್ಚಿನವರೆಗೂ ಸುಮ್ಮನಿರಬಹುದು. ಫೆಬ್ರುವರಿಯಲ್ಲಿ ಒಂದು ದಿನ ಪರೀಕ್ಷೆಗೆಂದು ಹೋಗಿ ಬಂದು, ಆಮೇಲೆ ಆಗಲಿಲ್ಲ ಎಂದರಾಯಿತು. ಅದು ಎಷ್ಟು ಸುಲಭವೆಂದು ಕಂಡೊಡನೆ ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ.

"ಅಪ್ಪಾ" ಎಂದ, "ನಾ ಈ ಸಲ ಫಾರ್ಮ್ ತುಂಬಿಲ್ರಿ."

ಅಪ್ಪ ಅರ್ಥವಾಗದವನಂತೆ ಮುಖವನ್ನು ಮುಂದಕ್ಕೆ ತಂದ. "ತುಂಬಿಲ್ಲ ಅಂದ್ರ?"

"ತಾರೀಖು ಮುಗೀತ್ರಿ. ಮೂರ ವಾರಾತು. ನಾ ಓದ್ಲಿಕತ್ತಿಲ್ಲ. ಸುಮ್ಮನ ಹೋಗಿ ಕೂತು ಬರ್ತೀನಿ. ನನಗ ಆಗವಲ್ತು ಅಪ್ಪಾ. ನಿಮ್ಮ ಮುಂದ ಹೇಳ್ಲಿಕ್ಕೆ ಬಾಯಿ ಬರಲಿಲ್ಲ."

ಬೈಯುತ್ತಾನೆ ಎಂದುಕೊಂಡಿದ್ದ. ಇಲ್ಲವೇ, ಹೋಗಲಿ ಬಿಡು ಎನ್ನುತ್ತಾನೆ ಎಂದು ಒಳಗೊಳಗೇ ಆಸೆಪಟ್ಟಿದ್ದ. ಅಪ್ಪ ಎರಡೂ ಮಾಡಲಿಲ್ಲ. ಬಹಳ ಹೊತ್ತು ಲೋಟವನ್ನು ಎರಡೂ ಅಂಗೈ ನಡುವೆ ಹೊರಳಿಸುತ್ತ ಕೂತ. ಆಮೇಲೆ, ಲೆಕ್ಕ ತಪ್ಪಿದ್ದು ತನ್ನದೇ ಎಂಬಂತೆ ಮೆಲ್ಲಗೆ, "ಹಂಗಾರ ಎಂಟ್ ತಿಂಗಳು ನಾ ಸುಮ್ಮನಽ ಕೂತೆ" ಎಂದ. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇಲ್ಲದ ಆ ಮಾತು ಕೇದಾರನ ಎದೆಯ ಯಾವುದೋ ಮೂಲೆಗೆ ಹೋಗಿ ಕೂತಿತು. ಅದು ಅಲ್ಲಿಂದ ಏಳುವುದಿಲ್ಲವೆಂದು ಅವನಿಗೆ ಆಗಲೇ ಗೊತ್ತಾಯಿತು.

ಹೊಟೇಲಿನಿಂದ ಹೊರಬಿದ್ದಾಗ ಅಪ್ಪ ಅವನ ಮೊಣಕೈ ಹಿಡಿಯಲಿಲ್ಲ. ಮುಂದೆ ಮುಂದೆ ನಡೆದ, ಬೆನ್ನು ನೆಟ್ಟಗೆ, ಶಿಫ್ಟಿಗೆ ಹೊರಟವನ ಹಾಗೆ. ಕೇದಾರ ಹತ್ತು ಹೆಜ್ಜೆ ಹಿಂದೆ. ರಸ್ತೆ ದಾಟುವ ಜಾಗ ಬಂತು. ಅಪ್ಪ ಫುಟ್‌ಪಾಥಿನ ಅಂಚಿನಲ್ಲಿ ನಿಂತ. ಬಸ್ಸು ಹೋಯಿತು, ರಿಕ್ಷಾಗಳು ಹೋದವು, ರಸ್ತೆ ಖಾಲಿಯಾಯಿತು. ಅಪ್ಪ ದಾಟಲಿಲ್ಲ. ಖಾಲಿಯಾದದ್ದು ಅವನಿಗೆ ಕಾಣುತ್ತಿರಲಿಲ್ಲ. ಕರೆಯಲೂ ಇಲ್ಲ, ಒಂದು ಪಾದವನ್ನು ಕೆಳಗಿಟ್ಟು ಮತ್ತೆ ಮೇಲೆ ತೆಗೆದುಕೊಂಡ. ಹಾಗೆ ನಿಂತ ಮನುಷ್ಯನ ಹಿಂದೆ ತಾನೂ ನಿಂತುಬಿಟ್ಟದ್ದು ಎಷ್ಟು ಹೊತ್ತೋ. ಕೇದಾರ ಹತ್ತಿರ ಹೋಗಿ ತನ್ನ ಮೊಣಕೈಯನ್ನು ಅಪ್ಪನ ಕೈಗೆ ತಗಲಿಸಿದ. ಅಪ್ಪ ಹಿಡಿದುಕೊಂಡ. ಈ ಸಲ ಗಟ್ಟಿಯಾಗಿ, ಬೇರೆ ದಾರಿ ಇಲ್ಲದವನ ಹಾಗೆ.

ಅವ್ವನಿಗೆ ಅಪ್ಪ ಏನೂ ಹೇಳಲಿಲ್ಲ. ನೇರ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವಳು ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಕೇದಾರ ಅವಳೆದುರು ಕೂತು ಎಲ್ಲವನ್ನೂ ಹೇಳಿದ. ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ಏಳು ವರ್ಷದ ಬಗ್ಗೆ, ಪರೀಕ್ಷೆಯ ಬಗ್ಗೆ ಅವಳು ಏನೂ ಅನ್ನಲಿಲ್ಲ.

"ಮೂರು ವಾರ ನಾ ಐದಕ್ಕೆದ್ದು ಡಬ್ಬಿ ಕಟ್ಟೀನಲ್ಲೋ" ಎಂದಳು. "ಒಮ್ಮೆರೆ ಬ್ಯಾಡ ಬಿಡವ್ವಾ ಅನ್ನಬಾರದಾಗಿತ್ತೇನು?" ಅಷ್ಟು ಹೇಳಿ ಅಳತೊಡಗಿದಳು.

"ನೀವರೆ ಯಾವಾಗಾದ್ರೂ ಸಾಕು ಅಂದಿದ್ರ..." ಎಂದ ಕೇದಾರ. ಎಂದೊಡನೆ ಇದೆಂಥ ಹೇಡಿಯ ಮಾತು ಎನ್ನಿಸಿತು. ಆದರೆ ಅವನಿಗೆ ಬಂದದ್ದು ಅದೇ.

"ನಾವು ಹೆಂಗನ್ನೂದು?" ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾವು ಸಾಕು ಅಂದ್ರ, ಇವರಿಗೆ ನನ್ನ ಮ್ಯಾಲ ಭರೋಸಾ ಹೋತು ಅಂತ ನೀ ತಿಳಕೋತಿದ್ದಿ. ನೀನಽ ಅಂತಿ ಅಂತ ನಾವು ದಾರಿ ನೋಡಿದ್ವಿ. ಹೋದ ವರ್ಷಾನಽ ನಾ ಅವರಿಗೆ ಅಂದಿದ್ದೆ, ಹುಡುಗನ ಮಾರಿ ನೋಡ್ರಿ, ಬಾಡೇದ ಅಂತ. ಅವರಿಗೆ ಎಲ್ಲಿ ಕಾಣ್ತದ." ಹಾಗೆಂದು, ತಾನು ಏನು ಹೇಳಿದೆನೆಂದು ತಿಳಿದು, ಕೋಣೆಯ ಕಡೆ ನೋಡಿದಳು. ಕೇದಾರ ಒಂದು ಕಟ್ಟು ಸೊಪ್ಪನ್ನು ತನ್ನ ಕಡೆ ಎಳೆದುಕೊಂಡು ಎಲೆ ಬಿಡಿಸತೊಡಗಿದ. ಅವಳು ಬೇಡ ಎನ್ನಲಿಲ್ಲ. ಏಳು ವರ್ಷದಲ್ಲಿ ಅವನು ಆ ಮನೆಯಲ್ಲಿ ಒಂದು ಲೋಟ ತೊಳೆಯಲು ಹೋದರೂ, ಬಿಡಪಾ, ನೀ ಓದಹೋಗು ಎಂದು ಕಸಿದುಕೊಳ್ಳುತ್ತಿದ್ದವಳು ಅವಳು.

ಮುಂದಿನ ವಾರ ಬಲಗಣ್ಣಿನ ಆಪರೇಶನ್ ಆಯಿತು. ಚಿಂಚವಾಡದ ದವಾಖಾನೆಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬಂದರು. ದಿನಕ್ಕೆ ಆರು ಸಲ, ಹೇಳಿದ ಹೊತ್ತಿಗೆ, ಕೇದಾರ ಕೈ ತೊಳೆದುಕೊಂಡು ಬಂದು ಔಷಧ ಹಾಕುತ್ತಿದ್ದ. ಅಪ್ಪ ಮಾತು ಬಿಟ್ಟಿದ್ದ. ಬಿಟ್ಟಿದ್ದ ಎನ್ನುವುದೂ ಸರಿಯಲ್ಲ, ಕೇಳಿದ್ದಕ್ಕೆ ಹೂಂ, ಇಲ್ಲ ಎನ್ನುತ್ತಿದ್ದ. ಅವರಿಬ್ಬರ ನಡುವೆ ಉಳಿದದ್ದು ನಾಲ್ಕೇ ಮಾತು. "ಮ್ಯಾಲ ನೋಡ್ರಿ." ಅಪ್ಪ ನೋಡುತ್ತಿದ್ದ. "ಮುಚ್ಚರಿ." ಮುಚ್ಚುತ್ತಿದ್ದ. ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಹಿಡಿದಾಗ ಕಾಣುವ ಆ ಒದ್ದೆ ಗುಲಾಬಿ ಅಂಚು, ಅಲ್ಲಿ ಬಿದ್ದು ನಡುಗಿ ಹರಡುವ ಹನಿ. ಮೊದಲ ದಿನ ಒಂದೆರಡು ಹನಿ ಗಲ್ಲದ ಮೇಲೆ ಬಿದ್ದವು. ಮೂರನೆಯ ದಿನದ ಹೊತ್ತಿಗೆ ಒಂದೂ ತಪ್ಪುತ್ತಿರಲಿಲ್ಲ. ಯಾವುದಾದರೊಂದು ಕೆಲಸವನ್ನು ಮಾಡಿ ಮುಗಿಸಿದೆ, ಇನ್ನು ಮೂರು ತಾಸಿಗೆ ಮತ್ತೆ ಮಾಡಬೇಕು ಎಂಬ ತೃಪ್ತಿ ಎಷ್ಟು ಸಾದಾ ಆಗಿತ್ತು. ಅದಕ್ಕಾಗಿ ನಾಚಿಕೆಯೂ ಆಯಿತು. ನಡುವೆ ಒಂದು ದಿನ ಎರಡು ಹನಿಗಳ ನಡುವಿನ ಹೊತ್ತಿನಲ್ಲಿ ಸದಾಶಿವ ಪೇಠೆಗೆ ಹೋಗಿ ಕುರ್ಚಿ ಬಿಟ್ಟುಕೊಟ್ಟು, ಟಿಪ್ಪಣಿಗಳ ಕಟ್ಟನ್ನು ಲಾತೂರಿನ ಆ ಹುಡುಗಿಗೆ ಕೊಟ್ಟು ಬಂದ. ಹೋದ ವರ್ಷ ಆಕುರ್ಡಿಯ ಕೋಚಿಂಗ್ ಕ್ಲಾಸಿನವರೊಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದಿ ಕೊಡುತ್ತೀರಾ ಎಂದು ಕರೆದಿದ್ದರು. ಆಗ ಅಪ್ಪ, ಬ್ಯಾಡ, ಓದಿಗೆ ತ್ರಾಸ ಆಗ್ತದ ಎಂದಿದ್ದ. ಅವರಿಗೆ ಫೋನು ಮಾಡಿದ. ಸೋಮವಾರದಿಂದ ಬನ್ನಿ, ಭೂಗೋಳದ ಪಾಠವನ್ನೂ ತೆಗೆದುಕೊಳ್ಳಿ ಎಂದರು. ದೊಡ್ಡ ಕೆಲಸವೇನಲ್ಲ. ಅವ್ವನಿಗೆ ಹೇಳಿದ, ಅವಳು ಒಳಗೆ ಹೋಗಿ ಅಪ್ಪನಿಗೆ ಹೇಳಿದಳು.

ಸೋಮವಾರ ಬೆಳಿಗ್ಗೆ ಅಪ್ಪ ಬಾಲ್ಕನಿಯಲ್ಲಿ ಕೂತಿದ್ದ. ವಾರದುದ್ದಕ್ಕೂ ನೀರು ತುಂಬಿದಂತಿದ್ದ ಕಣ್ಣು ಅಂದು ತಿಳಿಯಾಗಿತ್ತು. ಎಂಟು ಗಂಟೆಯ ಹನಿ ಹಾಕಲು ಕೇದಾರ ಬಗ್ಗಿದಾಗ ಅಪ್ಪ ಮೇಲೆ ನೋಡಲಿಲ್ಲ, ಅವನನ್ನೇ ನೋಡಿದ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ.

"ಸ್ವಲ್ಪ ಬೆಳಕಿಗೆ ಬಾ" ಎಂದ.

ಕೇದಾರ ಬಿಸಿಲಿಗೆ ಸರಿದ. ಅಪ್ಪನ ಕಣ್ಣು ಅವನ ಹಣೆಯಿಂದ ಕಿವಿಗೆ, ಕಿವಿಯಿಂದ ಗಲ್ಲಕ್ಕೆ ನಿಧಾನವಾಗಿ ಇಳಿಯಿತು. ಅಷ್ಟು ಹೊತ್ತು ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಕೂದಲೆಲ್ಲ ಬೆಳ್ಳಗಾಗ್ಯಾವಲ್ಲೋ" ಎಂದ ಅಪ್ಪ. "ಯಾವಾಗ ಆದ್ವು?"

"ಎರಡು ವರ್ಷಾತ್ರಿ."

"ನಾ ನಿನ್ನ ಸಣ್ಣ ಹುಡುಗ ಅಂತನಽ ತಿಳದಿದ್ದೆ." ಅಪ್ಪ ಇನ್ನೊಂದು ಕಣ್ಣನ್ನೂ ತೆರೆದ. "ಕೆಲಸಕ್ಕ ಎಷ್ಟೊತ್ತಿಗೆ ಹೋಗಬೇಕು ಇವತ್ತು?"

ಕೆಲಸ ಎಂಬ ಮಾತು ಅಪ್ಪನ ಬಾಯಲ್ಲಿ ಬಂದದ್ದನ್ನು ಕೇದಾರ ಕೇಳಿದ. "ಹತ್ತಕ್ಕ ಹೋಗಬೇಕ್ರಿ."

ಅಪ್ಪ ತಾನು ಕೂತ ಬೆಂಚಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಇನ್ನೂ ಹೊತ್ತದ" ಎಂದ. "ಕೂಡು."